ಮನೋರೋಗಿಯ ಜೊತೆ ಮಾತಾಡುವುದನ್ನು ವಾರ್ಡಿಗೆ ಹೋಗುವ ಮುಂಚೆಯೇ ಕಲಿಸಬೇಕು. ಅದಕ್ಕೆ ಕೊಡಗಿನವರ ನೆರವು ಬೇಕು

ಮಾನ್ಯ ಸಂಪಾದಕರೇ,

ಇಂಜೆಕ್ಷನ್ ಕೊಡುವುದನ್ನು ಯಾವ ನರ್ಸಿಂಗ್ ವಿದ್ಯಾರ್ಥಿಯೂ ಮೊದಲ ಸಲಕ್ಕೇ ರೋಗಿಯ ತೋಳಿನ ಮೇಲೆ ಕಲಿಯುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಬೊಂಬೆಯ ಮೇಲೆ ಮಾಡಿ ತೋರಿಸಿ, ಬೋಧಕರು ಸರಿ ಎಂದ ಮೇಲೆಯೇ ವಾರ್ಡಿಗೆ ಹೋಗುತ್ತಾರೆ. ಬಿ.ಎಸ್ಸಿ. ನರ್ಸಿಂಗ್‌ನ 5 ಮತ್ತು 6ನೇ ಸೆಮಿಸ್ಟರಿನಲ್ಲಿ ಅದೇ ವಿದ್ಯಾರ್ಥಿಗಳು ಮನೋರೋಗ ವಿಭಾಗಕ್ಕೆ ಹೋಗುತ್ತಾರೆ. ಅಲ್ಲಿ ಅವರ ಮುಖ್ಯ ಸಾಧನ ಮಾತು. ಅದನ್ನು ಮಾತ್ರ ನೇರವಾಗಿ ಕಾಯಿಲೆಯವರ ಮೇಲೆಯೇ ಕಲಿಯುತ್ತಾರೆ. ಪರೀಕ್ಷೆಗೆಂದು ಚಿಕಿತ್ಸಕ ಸಂವಹನದ ತಂತ್ರಗಳ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠವಾಗಿರುತ್ತವೆ. ಸೋಮವಾರಪೇಟೆ ಕಡೆಯ ಅಜ್ಜಿಯೊಬ್ಬರು ಗೋಡೆಗೆ ಮುಖ ಮಾಡಿ ಮಲಗಿದ್ದರೆ ಮೊದಲ ವಾಕ್ಯ ಏನು ಹೇಳಬೇಕು ಎಂಬುದು ಮಾತ್ರ ಗೊತ್ತಿರುವುದಿಲ್ಲ. ಈ ಅಭ್ಯಾಸ ವಾರ್ಡಿಗಿಂತ ಮುಂಚೆ, ಕೊಡಗಿನ ಭಾಷೆಗಳಲ್ಲಿ, ಕೊಡಗಿನ ಜನರ ಎದುರು ನಡೆಯಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಚಿಕಿತ್ಸಕ ಸಂವಹನ ಹರಟೆಯಲ್ಲ, ಬುದ್ಧಿವಾದವೂ ಅಲ್ಲ. ರೋಗಿಯ ಒಳಿತಿಗಾಗಿ, ಗೊತ್ತಾದ ಉದ್ದೇಶ ಇಟ್ಟುಕೊಂಡು, ಗೊತ್ತಾದ ಅವಧಿಯಲ್ಲಿ ನಡೆಸುವ ಮಾತುಕತೆ ಅದು. ನರ್ಸ್ ಮತ್ತು ರೋಗಿಯ ಸಂಬಂಧ ಹಂತ ಹಂತವಾಗಿ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೊ 1952ರಲ್ಲಿ ವಿವರಿಸಿದರು. ಇವತ್ತಿನ ಪಾಠದಲ್ಲಿ ಅದನ್ನು ಪೂರ್ವಸಿದ್ಧತೆ, ಪರಿಚಯ, ಕೆಲಸ, ಮುಕ್ತಾಯ ಎಂದು ನಾಲ್ಕಾಗಿ ಹೇಳಿಕೊಡುತ್ತಾರೆ. ವಿದ್ಯಾರ್ಥಿಗಳಲ್ಲಿ ಹೆಚ್ಚು ಕೆಡುವುದು ಪರಿಚಯ ಮತ್ತು ಮುಕ್ತಾಯ. ನಡುವಿನ ಕೆಲಸದ ಹಂತಕ್ಕೆ ಬೋಧಕರ ಕಣ್ಣು ಇರುತ್ತದೆ, ಆ ಎರಡಕ್ಕೆ ಇರುವುದಿಲ್ಲ.

ಪರಿಚಯದಲ್ಲಿ ಹೇಳಲೇಬೇಕಾದ ಸಂಗತಿಗಳಿವೆ: ನಾನು ಯಾರು, ಎಷ್ಟು ದಿನ ಬರುತ್ತೇನೆ, ದಿನಕ್ಕೆ ಎಷ್ಟು ಹೊತ್ತು ಕೂರುತ್ತೇನೆ, ಯಾಕೆ ಮಾತಾಡುತ್ತೇನೆ, ನೀವು ಹೇಳಿದ್ದು ಯಾರ ಕಿವಿಗೆ ಹೋಗುತ್ತದೆ. ಪುಸ್ತಕದ ಭಾಷೆ ಇಲ್ಲಿ ಬೇಡ. "ನಮಸ್ಕಾರ ಅಜ್ಜಿ. ನಾನು ನರ್ಸಿಂಗ್ ಓದ್ತಾ ಇದ್ದೀನಿ. ಈ ವಾರ, ಬರೋ ವಾರ ಇಲ್ಲೇ ಇರ್ತೀನಿ. ದಿನಾ ಬೆಳಿಗ್ಗೆ ಒಂದು ಹದಿನೈದು ನಿಮಿಷ ನಿಮ್ಮ ಹತ್ತಿರ ಕೂತ್ಕೊಳ್ಳಲಾ? ನೀವು ಹೇಳಿದ್ದನ್ನ ಇಲ್ಲಿನ ಸಿಸ್ಟರ್‌ಗೂ ಡಾಕ್ಟರ್‌ಗೂ ಹೇಳ್ತೀನಿ, ನನ್ನ ಟೀಚರ್ ಜೊತೆ ಹೆಸರು ಹೇಳದೆ ಮಾತಾಡ್ತೀನಿ. ಬೇರೆ ಯಾರಿಗೂ ಹೇಳಲ್ಲ. ಈಗ ಬೇಡ ಅನ್ನಿಸಿದ್ರೆ ಬೇಡ ಅನ್ನಿ, ಮಧ್ಯಾಹ್ನ ಬಂದು ಕೇಳ್ತೀನಿ." ಇಷ್ಟಕ್ಕೆ ಒಂದು ನಿಮಿಷವೂ ಬೇಡ. ಇದರಲ್ಲಿ ಮುಕ್ತಾಯವೂ ಮೊದಲ ದಿನವೇ ಹೇಳಿ ಆಯಿತು. ಹಾಗೆ ಹೇಳದಿದ್ದರೆ ಏನಾಗುತ್ತದೆ? ಎರಡು ವಾರ ದಿನಾ ಬಂದು ಕೂತು, ಮನೆಯವರಿಗೂ ಹೇಳದ ಮಾತು ಹೇಳಿಸಿಕೊಂಡ ಹುಡುಗಿ ಶನಿವಾರದ ನಂತರ ಕಾಣುವುದೇ ಇಲ್ಲ. ತಮ್ಮವರು ಬಿಟ್ಟುಹೋದ ನೋವಿನಿಂದಲೇ ಕಾಯಿಲೆ ಬಿದ್ದವರಿಗೆ ಅದು ಮತ್ತೊಂದು ಬಿಟ್ಟುಹೋಗುವಿಕೆ. ಮುಂದಿನ ತಂಡದ ವಿದ್ಯಾರ್ಥಿ ಬಂದಾಗ ಅವರು ಬಾಯಿ ಬಿಡುವುದಿಲ್ಲ, ಕೇಸ್ ಶೀಟಿನಲ್ಲಿ "ಸಹಕರಿಸುತ್ತಿಲ್ಲ" ಎಂದು ಬೀಳುತ್ತದೆ. ಮುಗಿಯಲು ಮೂರು ದಿನ ಇರುವಾಗ ಒಮ್ಮೆ ನೆನಪಿಸಬೇಕು, ಹಿಂದಿನ ದಿನ ಮತ್ತೊಮ್ಮೆ. ಕೊನೆಯ ದಿನ ಹೊಸ ವಿಷಯ ತೆಗೆಯಬಾರದು. ಆವರೆಗೆ ಆಡಿದ್ದನ್ನು ನೆನೆದು, ಮುಂದೆ ಯಾರ ಹತ್ತಿರ ಮಾತಾಡಬಹುದು ಎಂದು ತೋರಿಸಿ ಏಳಬೇಕು. ಫೋನ್ ನಂಬರ್ ಕೊಡಬಾರದು. ಮನೆಯವರು ಪ್ರೀತಿಯಿಂದ ತರುವ ಕಾಫಿಪುಡಿ, ಕಾಳುಮೆಣಸು, ಜೇನಿನ ವಿಷಯಕ್ಕೂ ವಿದ್ಯಾರ್ಥಿ ಮೊದಲೇ ಉತ್ತರ ಸಿದ್ಧ ಮಾಡಿಕೊಂಡಿರಬೇಕು. ನಮ್ಮ ಕಡೆ ಅದನ್ನು ಒರಟಾಗಿ ಬೇಡ ಎಂದರೆ ಮನಸ್ಸು ನೋಯುತ್ತದೆ, ತೆಗೆದುಕೊಂಡರೆ ಸಂಬಂಧದ ಲೆಕ್ಕವೇ ಬದಲಾಗುತ್ತದೆ.

ಇನ್ನು ಕೊಡಗಿನದೇ ಒಂದು ವಿಷಯ. ಇಲ್ಲಿ ಇಬ್ಬರು ಭೇಟಿಯಾದರೆ ಮೊದಲ ಪ್ರಶ್ನೆ "ಯಾರ ಮನೆ?" ಎಂಬುದೇ. ಮನೆ ಹೆಸರು ಹೇಳಿದರೆ ಸಾಕು, ಒಕ್ಕ (ಮನೆತನ) ಯಾವುದು, ಊರು ಯಾವುದು, ಯಾರ ಮನೆಗೆ ಹೆಣ್ಣು ಕೊಟ್ಟಿದ್ದಾರೆ ಎಲ್ಲವೂ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಮದುವೆ ಮನೆಯಲ್ಲಿ ಅದು ಸೊಗಸು, ಮನೋರೋಗ ವಾರ್ಡಿನಲ್ಲಿ ಅದೇ ಪ್ರಶ್ನೆ ಬಾಗಿಲು ಮುಚ್ಚಿಸುತ್ತದೆ. ಮನೆ ಹೆಸರು ಹೇಳಿದ ಕೂಡಲೇ ತನ್ನ ಕಾಯಿಲೆ ಇಡೀ ಮನೆತನದ್ದಾಯಿತು, ತಂಗಿಯ ಸಂಬಂಧಕ್ಕೆ ಅಡ್ಡ ಬರುತ್ತದೆ ಎಂದು ರೋಗಿ ಹೆದರುತ್ತಾರೆ. ಆ ಹೆದರಿಕೆ ಕಾಯಿಲೆಯ ಲಕ್ಷಣವಲ್ಲ, ಇಲ್ಲಿ ಅದಕ್ಕೆ ಕಾರಣವಿದೆ. ಹೆಸರು, ವಿಳಾಸ ಕೇಸ್ ಶೀಟಿನಲ್ಲೇ ಇರುತ್ತದೆ. ವಿದ್ಯಾರ್ಥಿ ಅದನ್ನು ಓದಿಕೊಂಡು ಹೋಗಿ, "ನಿಮ್ಮನ್ನ ಹೇಗೆ ಕರೀಲಿ?" ಎಂದಷ್ಟೇ ಕೇಳಬೇಕು. ವಿದ್ಯಾರ್ಥಿಯೂ ಕೊಡಗಿನವಳೇ ಆಗಿ, ರೋಗಿ ಪರಿಚಯದ ಮನೆಯವರೇ ಆಗಿದ್ದರೆ ಅದನ್ನು ಬೋಧಕರಿಗೆ ತಿಳಿಸಿ ಬೇರೆ ರೋಗಿಯನ್ನು ತೆಗೆದುಕೊಳ್ಳುವುದು ಸರಿ. ಗುಟ್ಟು ಕಾಯುವುದು ಸೌಜನ್ಯದ ಮಾತಷ್ಟೇ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಅದನ್ನು ರೋಗಿಯ ಹಕ್ಕು ಎಂದು ಹೇಳುತ್ತದೆ. ಒಪ್ಪಿಗೆಯಿಲ್ಲದೆ ಫೋಟೊ, ಮಾಹಿತಿ ಮಾಧ್ಯಮಕ್ಕೆ ಕೊಡಬಾರದು ಎಂದು 24ನೇ ಸೆಕ್ಷನ್‌ನಲ್ಲಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಗೆಳತಿಗೆ "ಇವತ್ತು ನಮ್ಮ ವಾರ್ಡಿಗೆ ಪೊನ್ನಂಪೇಟೆಯಿಂದ ಒಬ್ಬರು ಬಂದಿದ್ರು" ಎಂದರೂ ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಕೇಳಿದವರು ಹೆಸರು ಊಹಿಸಿಬಿಡುತ್ತಾರೆ.

ಭಾಷೆಯ ವಿಷಯಕ್ಕೆ ಬಂದರೆ, ಒಂದೇ ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ತುಳು, ಯರವ ಭಾಷೆ ಆಡುವವರು ಸೇರಬಹುದು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರೂ ಇರುತ್ತಾರೆ. ವಿದ್ಯಾರ್ಥಿಗಳಲ್ಲಿ ಅನೇಕರು ಕೇರಳದವರು. ಎಲ್ಲರಿಗೂ ಎಲ್ಲ ಭಾಷೆ ಬರಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ನಡುವೆ ನಿಂತು ಮಾತು ದಾಟಿಸುವವರನ್ನು ಆರಿಸುವುದರಲ್ಲಿ ಆಗುವ ತಪ್ಪುಗಳನ್ನು ತಡೆಯಬಹುದು. ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಬಂದ ಕೆಲಸಗಾರನ ಜೊತೆ ತೋಟದ ರೈಟರ್ (ಗುಮಾಸ್ತ) ಬಂದಿದ್ದರೆ ಅವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳುವುದು ಎಲ್ಲರಿಗೂ ಸುಲಭ ಅನ್ನಿಸುತ್ತದೆ. ಸಂಬಳ, ಮುಂಗಡ, ಕುಡಿತ, ಹೊಡೆತ, ಯಾವುದನ್ನೂ ಆ ಮನುಷ್ಯ ರೈಟರ್ ಎದುರು ಹೇಳುವುದಿಲ್ಲ. ತಾಯಿಯ ಮಾತನ್ನು ಮಗುವಿನ ಬಾಯಲ್ಲಿ ಹೇಳಿಸುವುದಂತೂ ಕೂಡದು. ಆಸ್ಪತ್ರೆಯ ಸಿಬ್ಬಂದಿಯಲ್ಲೇ ಆ ಭಾಷೆ ಬಲ್ಲವರನ್ನು ಕರೆಯಬೇಕು, ರೋಗಿ ಒಪ್ಪಬೇಕು. ದಾಟಿಸುವವರಿಗೆ ಮೊದಲೇ ಹೇಳಬೇಕು: ಅವರು ಹೇಳಿದ್ದನ್ನು ಹಾಗೇ ಹೇಳಿ, ಅರ್ಥವಾಗದ ಮಾತು ಬಂದರೂ ಸರಿಪಡಿಸಬೇಡಿ, ನಿಮ್ಮ ಕಡೆಯಿಂದ ಸಮಾಧಾನ ಸೇರಿಸಬೇಡಿ. ಯಾಕೆಂದರೆ ವಾಕ್ಯ ತಪ್ಪಿ ತಪ್ಪಿ ಬರುವುದು, ವಿಷಯ ಜಾರುವುದು ಇವೇ ವೈದ್ಯರಿಗೆ ಬೇಕಾದ ಮಾಹಿತಿ. ಒಳ್ಳೆಯ ಮನಸ್ಸಿನ ದುಭಾಷಿ ಅದನ್ನೆಲ್ಲ ನೇರ್ಪುಮಾಡಿ ಕೊಟ್ಟರೆ ಕಾಯಿಲೆಯೇ ಮರೆಯಾಗುತ್ತದೆ. ಕಣ್ಣು ಮಾತ್ರ ರೋಗಿಯ ಕಡೆಗೇ ಇರಬೇಕು, ದುಭಾಷಿಯ ಕಡೆಗಲ್ಲ. ಯರವ, ಜೇನುಕುರುಬ ಆದಿವಾಸಿಗಳ ಹಾಡಿಗಳಿಂದ ಬಂದ ಹಿರಿಯರನ್ನು ಏಕವಚನದಲ್ಲಿ ಕರೆಯುವ ಕೆಟ್ಟ ರೂಢಿ ಇನ್ನೂ ಕೆಲವು ಕಡೆ ಉಳಿದಿದೆ. ವಿದ್ಯಾರ್ಥಿಯ ನಾಲಿಗೆಗೆ ಅದು ಅಂಟದಂತೆ ಮೊದಲ ದಿನವೇ ತಿದ್ದಬೇಕು.

ಕೂರುವ ಬಗೆಯನ್ನು ಚಿಕ್ಕ ವಿಷಯ ಎಂದು ಬಿಡುತ್ತಾರೆ. ರೋಗಿ ಮಂಚದ ಮೇಲೆ, ವಿದ್ಯಾರ್ಥಿ ನಿಂತುಕೊಂಡು, ಕೈಯಲ್ಲಿ ಪುಸ್ತಕ, ಹಿಂದೆ ಇನ್ನಿಬ್ಬರು ಸಹಪಾಠಿಗಳು. ಅದು ಮಾತುಕತೆಯಲ್ಲ, ವಿಚಾರಣೆ. ಸ್ಟೂಲ್ ಎಳೆದುಕೊಂಡು ಕಣ್ಣು ಒಂದೇ ಮಟ್ಟಕ್ಕೆ ಬರುವಂತೆ, ಮೂರರಿಂದ ನಾಲ್ಕು ಅಡಿ ದೂರದಲ್ಲಿ, ನೇರ ಎದುರಲ್ಲದೆ ಸ್ವಲ್ಪ ಓರೆಯಾಗಿ ಕೂರಬೇಕು. ನೇರ ಎದುರು ಕೂತರೆ ಸಂಶಯದ ಕಾಯಿಲೆ ಇರುವವರಿಗೆ ಎದುರಾಳಿಯಂತೆ ಕಾಣುತ್ತದೆ. ಇಬ್ಬರಲ್ಲಿ ಯಾರಿಗೂ ಬಾಗಿಲು ಅಡ್ಡವಾಗಬಾರದು. ರೋಗಿಯನ್ನು ಗೋಡೆಗೂ ತನಗೂ ನಡುವೆ ಸಿಕ್ಕಿಸಿದರೆ ಹೆದರಿದವರು ತಳ್ಳಿಯೇ ಹೋಗಬೇಕಾಗುತ್ತದೆ. ಭುಜ ಮುಟ್ಟಿ ಸಮಾಧಾನ ಮಾಡುವುದು ಜನರಲ್ ವಾರ್ಡಿನಲ್ಲಿ ಒಳ್ಳೆಯ ಅಭ್ಯಾಸ, ಇಲ್ಲಿ ಕೇಳದೆ ಮುಟ್ಟಬಾರದು. ಅವಧಿ ಶುರುವಿನಲ್ಲಿ ಹತ್ತು ಹದಿನೈದು ನಿಮಿಷ ಸಾಕು. ಕಾಯಿಲೆ ಜೋರಾಗಿರುವವರ ಬಳಿ ಐದೈದು ನಿಮಿಷ ದಿನಕ್ಕೆ ಮೂರು ಸಲ ಹೋಗುವುದು ಒಂದೇ ಸಲ ಅರ್ಧ ಗಂಟೆ ಕೂರುವುದಕ್ಕಿಂತ ಮೇಲು. ಇ.ಸಿ.ಟಿ. (ಮೆದುಳಿಗೆ ಕೊಡುವ ವಿದ್ಯುತ್ ಚಿಕಿತ್ಸೆ) ಆದ ಬೆಳಿಗ್ಗೆ ನೆನಪು ಮಸುಕಾಗಿರುತ್ತದೆ, ಅಂದು ಇತಿಹಾಸ ಕೇಳಲು ಕೂರಬಾರದು. ಕೂತಲ್ಲಿ ಕೂರಲಾಗದೆ ಪದೇ ಪದೇ ಏಳುವವರು ಮಾತಿಗೆ ಮನಸ್ಸಿಲ್ಲದವರೇ ಆಗಿರಬೇಕಿಲ್ಲ. ಕೆಲವು ಮಾತ್ರೆಗಳಿಂದ ಕಾಲು ಚಡಪಡಿಸುತ್ತದೆ, ಅದನ್ನು ಕೂಡಲೇ ಸಿಸ್ಟರ್‌ಗೆ ತಿಳಿಸಬೇಕು. ಬಾಯಿ ಒಣಗಿ ನಾಲಿಗೆ ಅಂಟುವವರಿಗೆ ಮೊದಲು ಒಂದು ಲೋಟ ನೀರು ಕೊಟ್ಟರೆ ಮಾತು ತಾನಾಗಿ ಬರುತ್ತದೆ.

ಈಗ ಮಾತು. ನಮ್ಮ ಮನೆಗಳಲ್ಲಿ ದುಃಖದಲ್ಲಿರುವವರಿಗೆ ಹೇಳುವ ಮಾತುಗಳೇ ಇಲ್ಲಿ ಅಡ್ಡಿಯಾಗುತ್ತವೆ. "ಏನೂ ಆಗಲ್ಲ, ಎಲ್ಲಾ ಸರಿ ಹೋಗುತ್ತೆ", "ಮನಸ್ಸು ಗಟ್ಟಿ ಮಾಡ್ಕೊಳ್ಳಿ", "ಮಕ್ಕಳ ಮುಖ ನೋಡಿ", "ನಿಮಗಿಂತ ಕಷ್ಟದಲ್ಲಿ ಇರೋರು ಎಷ್ಟು ಜನ ಇಲ್ಲ?" ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಸರಿಹೋಗುತ್ತದೆ ಎಂಬ ಭರವಸೆ ಕೊಡಲು ವಿದ್ಯಾರ್ಥಿಗೆ ಆಧಾರವಿಲ್ಲ. ಖಿನ್ನತೆಯಲ್ಲಿರುವವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವ ಶಕ್ತಿಯೇ ಕುಂದಿರುತ್ತದೆ, ಮಕ್ಕಳ ಮುಖ ನೆನಪಿಸಿದರೆ ತಾನು ಹೊರೆ ಎಂಬ ಭಾವ ಇಮ್ಮಡಿಯಾಗುತ್ತದೆ. ಇದಕ್ಕಿಂತ "ನೀವು ಹೇಳಿದ್ದು ಕೇಳಿದೆ. ರಾತ್ರಿ ಪೂರ್ತಿ ಎದ್ದೇ ಇರ್ತೀರ, ಬೆಳಿಗ್ಗೆ ಏಳೋಕೆ ಮೈಯೇ ಬರಲ್ಲ. ಅಲ್ವಾ?" ಎಂದರೆ ಅವರು ಮುಂದಿನದನ್ನು ಹೇಳುತ್ತಾರೆ. ಕೇಳಿದ್ದನ್ನು ಹೀಗೆ ನಮ್ಮ ಮಾತಿನಲ್ಲಿ ತಿರುಗಿ ಹೇಳುವುದು ಒಂದು ಕೌಶಲ. ವಿದ್ಯಾರ್ಥಿಗಳು ಇದರಲ್ಲಿ ಎಡವುವುದು ರೋಗಿಯ ಕೊನೆಯ ಪದವನ್ನೇ ಹಿಡಿದು ಹೇಳುವುದರಿಂದ. "ಬೇಜಾರಾಗಿದೆ" ಎಂದರೆ "ಬೇಜಾರಾಗಿದೆಯಾ?" ಎಂದು. ಒಂದು ಸಲ ಸರಿ. ಮೂರನೇ ಸಲಕ್ಕೆ ಅಣಕಿಸಿದಂತೆ ಕೇಳುತ್ತದೆ, ರೋಗಿ ಸಿಟ್ಟಾದರೆ ತಪ್ಪು ಅವರದಲ್ಲ.

"ಯಾಕೆ" ಎಂದು ಶುರುವಾಗುವ ಪ್ರಶ್ನೆ ತಪ್ಪೊಪ್ಪಿಗೆ ಕೇಳಿದ ಹಾಗಿರುತ್ತದೆ. "ಯಾಕೆ ಮಾತ್ರೆ ಬಿಟ್ರಿ?" ಎಂದರೆ ಉತ್ತರ ಸುಳ್ಳಾಗುತ್ತದೆ ಅಥವಾ ಮೌನವಾಗುತ್ತದೆ. "ಮಾತ್ರೆ ತಗೊಳ್ತಾ ಇದ್ದಾಗ ಮೈಗೆ ಹೇಗಿತ್ತು?" ಎಂದು ಕೇಳಿದರೆ ತೂಕಡಿಕೆ, ಕೈನಡುಕ, ತೋಟದ ಕೆಲಸ ಮಾಡಲಾಗದ್ದು ಎಲ್ಲ ಹೊರಬರುತ್ತದೆ, ಅದನ್ನು ವೈದ್ಯರು ಸರಿಪಡಿಸಬಹುದು. ಒಂದು ಉಸಿರಿಗೆ ಒಂದೇ ಪ್ರಶ್ನೆ ಇರಬೇಕು. "ನಿದ್ದೆ ಬರುತ್ತಾ, ಊಟ ಸೇರುತ್ತಾ, ಯಾರ ಮೇಲಾದರೂ ಸಂಶಯ ಇದೆಯಾ?" ಎಂದು ಒಟ್ಟಿಗೆ ಕೇಳಿದರೆ "ಇಲ್ಲ" ಎಂಬ ಉತ್ತರ ಯಾವುದಕ್ಕೆ ಬಂತು ಎಂದು ಯಾರಿಗೂ ತಿಳಿಯದು.

ಮೌನವನ್ನು ಅಭ್ಯಾಸ ಮಾಡಿಸುವುದೇ ಎಲ್ಲಕ್ಕಿಂತ ಕಷ್ಟ. ತೀವ್ರ ಖಿನ್ನತೆಯಲ್ಲಿ ಪ್ರಶ್ನೆ ಕಿವಿಗೆ ಬಿದ್ದು ಉತ್ತರ ಬಾಯಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ವಿದ್ಯಾರ್ಥಿ ಎರಡು ಮೂರು ಸೆಕೆಂಡಿಗೇ ತಡೆಯಲಾರದೆ ಎರಡನೇ ಪ್ರಶ್ನೆ ಎಸೆಯುತ್ತಾರೆ, ಬರುತ್ತಿದ್ದ ಉತ್ತರ ಅಲ್ಲಿಗೇ ನಿಲ್ಲುತ್ತದೆ. ಮನಸ್ಸಿನಲ್ಲಿ ನಿಧಾನವಾಗಿ ಹದಿನೈದರವರೆಗೆ ಎಣಿಸಬೇಕು. ಆಮೇಲೂ ಮಾತಿಲ್ಲದಿದ್ದರೆ, "ಈಗ ಮಾತಾಡೋಕೆ ಆಗ್ತಿಲ್ಲ ಅನ್ಸುತ್ತೆ. ಪರವಾಗಿಲ್ಲ. ಇನ್ನೂ ಐದು ನಿಮಿಷ ಸುಮ್ಮನೆ ಇಲ್ಲೇ ಕೂತಿರ್ತೀನಿ" ಎಂದು ಹೇಳಿ ನಿಜವಾಗಿಯೂ ಐದು ನಿಮಿಷ ಕೂತು, ಹೇಳಿದ ಹೊತ್ತಿಗೇ ಏಳಬೇಕು. ಏನೂ ಆಗಲಿಲ್ಲ ಎಂದು ವಿದ್ಯಾರ್ಥಿ ಬೇಸರಪಡುತ್ತಾರೆ. ಹೇಳಿದ ಮಾತು ಉಳಿಸಿಕೊಂಡವರು ಒಬ್ಬರಿದ್ದಾರೆ ಎಂದು ರೋಗಿಗೆ ತಿಳಿದಿದೆಯಲ್ಲ, ಮರುದಿನದ ಮಾತಿಗೆ ಅದೇ ದಾರಿ. ಉನ್ಮಾದದಲ್ಲಿರುವವರ ಬಳಿ ಮಾತ್ರ ಇದು ತಲೆಕೆಳಗು. ಅಲ್ಲಿ ಚಿಕ್ಕ ವಾಕ್ಯ, ತಗ್ಗಿದ ದನಿ, ಗದ್ದಲವಿಲ್ಲದ ಜಾಗ ಬೇಕು. ಅವರ ತಮಾಷೆಗೆ ನಕ್ಕು ಕುಣಿಸಬಾರದು, ವಾದಕ್ಕೂ ಇಳಿಯಬಾರದು.

ಕಿವಿಯಲ್ಲಿ ದನಿ ಕೇಳುತ್ತದೆ ಎನ್ನುವವರಿಗೆ "ಅದೆಲ್ಲ ಸುಳ್ಳು" ಎಂದರೆ ಅವರು ಹೇಳುವುದನ್ನು ನಿಲ್ಲಿಸುತ್ತಾರೆ, ದನಿ ನಿಲ್ಲುವುದಿಲ್ಲ. "ಹೌದು, ನನಗೂ ಕೇಳಿಸ್ತು" ಎಂದರೆ ಕಾಯಿಲೆಗೆ ಸಾಕ್ಷಿ ಹೇಳಿದಂತೆ. ನಡುವಿನ ದಾರಿ ಇದು: "ನನಗೆ ಆ ದನಿ ಕೇಳಿಸ್ತಿಲ್ಲ. ಆದರೆ ನಿಮಗೆ ಕೇಳಿಸ್ತಿದೆ, ಅದರಿಂದ ಹೆದರಿಕೆ ಆಗ್ತಿದೆ ಅನ್ನೋದು ಗೊತ್ತಾಗ್ತಿದೆ." ನಂತರ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಅದು ಏನು ಹೇಳುತ್ತೆ? ಏನಾದ್ರೂ ಮಾಡು ಅಂತ ಹೇಳುತ್ತಾ?" ತನಗೋ ಇತರರಿಗೋ ಕೇಡು ಮಾಡಿಕೊಳ್ಳಲು ಆಜ್ಞೆ ಮಾಡುವ ದನಿಯಾದರೆ ಮಾತುಕತೆ ಅಲ್ಲಿಗೆ ನಿಲ್ಲಿಸಿ, ರೋಗಿಯನ್ನು ಒಬ್ಬರೇ ಬಿಡದೆ, ಸಿಸ್ಟರ್‌ಗೆ ಹೇಳಿ ಕಳಿಸಬೇಕು. ಭ್ರಮೆಯ ನಂಬಿಕೆಗೂ ಇದೇ ಕ್ರಮ: ತರ್ಕದಿಂದ ಒಡೆಯಲು ಹೋಗಬಾರದು, ಅದರ ಹಿಂದಿನ ಭಯವನ್ನು ಹಿಡಿಯಬೇಕು. ಆದರೆ ಕೊಡಗಿನಲ್ಲಿ ಇನ್ನೊಂದು ಎಚ್ಚರ ಬೇಕು. ಗುರು ಕಾರಣರು (ಮನೆತನದ ಮೂಲ ಹಿರಿಯರು) ಕನಸಿನಲ್ಲಿ ಬಂದು ಹೇಳಿದರು, ಗುಳಿಗ ದೈವಕ್ಕೆ ಕೊಡುವುದು ಬಾಕಿಯಿತ್ತು ಎಂದು ಹಿರಿಯರೊಬ್ಬರು ಹೇಳಿದ ಮಾತ್ರಕ್ಕೆ ವಿದ್ಯಾರ್ಥಿ ಅದನ್ನು ಭ್ರಮೆಯ ಕಾಲಂಗೆ ತುಂಬಬಾರದು. ಮನೆಯ ಉಳಿದವರೂ ಹಾಗೇ ನಂಬುತ್ತಾರೆಯೇ, ಈ ವ್ಯಕ್ತಿಯ ನಂಬಿಕೆ ಮನೆಯವರಿಗೂ ವಿಚಿತ್ರ ಅನ್ನಿಸುವ ಹಾಗೆ ಈಚೆಗೆ ಬದಲಾಗಿದೆಯೇ, ಊಟ ನಿದ್ದೆ ಕೆಲಸ ಕೆಟ್ಟಿದೆಯೇ ಎಂದು ವಿಚಾರಿಸಬೇಕು. ಹೊರಗಿನಿಂದ ಬಂದ ವಿದ್ಯಾರ್ಥಿಗೆ ಇದನ್ನು ಊರಿನವರೇ ಹೇಳಿಕೊಡಬೇಕು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಬೆಟ್ಟ ಜಾರಿದ್ದನ್ನು ಕಂಡವರಿಗೆ ಈಗಲೂ ಮಳೆ ಜೋರಾದರೆ ನಿದ್ದೆ ಹಾರುವುದುಂಟು. ಅಂಥವರ ಬಳಿ ಕುತೂಹಲದಿಂದ "ಆವತ್ತು ಏನಾಯ್ತು, ಹೇಳಿ" ಎಂದು ಕೆದಕುವುದು ಚಿಕಿತ್ಸೆಯಲ್ಲ. ಇವತ್ತು ರಾತ್ರಿ ಹೇಗೆ ಕಳೆಯುತ್ತೀರಿ, ಮಳೆ ಸದ್ದು ಕೇಳಿದಾಗ ಏನು ಮಾಡಿದರೆ ಸ್ವಲ್ಪ ಹಗುರ ಅನ್ನಿಸುತ್ತದೆ ಎಂದು ಕೇಳಬೇಕು. ಆ ದಿನದ ಕತೆ ಅವರಾಗಿ ಹೇಳಿದರೆ ಕೇಳಬೇಕು, ಹೇಳಿಸಬಾರದು.

ಸಾವಿನ ಯೋಚನೆಯ ಬಗ್ಗೆ ಕೇಳಲು ವಿದ್ಯಾರ್ಥಿಗಳು ಬಹಳ ಹೆದರುತ್ತಾರೆ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಎಂಬ ನಂಬಿಕೆ ಇದಕ್ಕೆ ಕಾರಣ. ಅದು ತಪ್ಪು. ನೇರವಾಗಿ, ಮೆತ್ತಗೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಹಲವರಿಗೆ ಹೊರೆ ಇಳಿಸಿದಂತಾಗುತ್ತದೆ. "ಅಂಥದ್ದೇನೂ ಯೋಚನೆ ಇಲ್ಲ ತಾನೇ?" ಎಂದು ಕೇಳಿದರೆ "ಇಲ್ಲ" ಎನ್ನುವ ಉತ್ತರವನ್ನು ನಾವೇ ಬಾಯಿಗೆ ಕೊಟ್ಟ ಹಾಗೆ. "ಇಷ್ಟು ಕಷ್ಟ ಆದಾಗ ಕೆಲವರಿಗೆ ಬದುಕೋದೇ ಬೇಡ ಅನ್ಸುತ್ತೆ. ನಿಮಗೆ ಹಾಗೆ ಅನ್ಸಿದೆಯಾ?" ಎಂದು ಶುರುಮಾಡಿ, ಹೌದು ಎಂದರೆ ಎಷ್ಟು ದಿನದಿಂದ, ಇವತ್ತೂ ಇದೆಯೇ, ಹೇಗೆ ಎಂದು ಯೋಚಿಸಿದ್ದೀರಾ, ಇದುವರೆಗೆ ನಿಮ್ಮನ್ನು ತಡೆದಿದ್ದು ಏನು ಎಂದು ಒಂದೊಂದಾಗಿ ಕೇಳಬೇಕು. "ಯಾರಿಗೂ ಹೇಳ್ಬೇಡ" ಎಂದು ಕೈ ಹಿಡಿದರೂ ಮಾತು ಕೊಡಬಾರದು: "ನಿಮ್ಮ ಜೀವದ ವಿಷಯ, ಸಿಸ್ಟರ್‌ಗೆ ಹೇಳಲೇಬೇಕು. ನಿಮ್ಮ ಎದುರೇ ಹೇಳ್ತೀನಿ." ಮನೆಗೆ ಕಳಿಸುವ ಮುಂಚೆ ಮನೆಯವರ ಜೊತೆ ಆಡಬೇಕಾದ ಮಾತೂ ಕೊಡಗಿನಲ್ಲಿ ಬೇರೆ. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಹಕ್ಕು) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇರುವ ಜಿಲ್ಲೆ ಇದು. ಕೋವಿ ನಮ್ಮಲ್ಲಿ ಗೌರವದ ವಸ್ತು, ಆದ್ದರಿಂದಲೇ ಅದರ ಬಗ್ಗೆ ಕೇಳಲು ಹೊರಗಿನ ವಿದ್ಯಾರ್ಥಿಗೆ ತಿಳಿಯುವುದಿಲ್ಲ, ಊರಿನ ವಿದ್ಯಾರ್ಥಿಗೆ ಸಂಕೋಚ. ಸ್ವಲ್ಪ ಕಾಲ ಅದನ್ನು ಕಾನೂನಿಗೆ ಒಪ್ಪುವ ಹಾಗೆ ಮನೆಯಿಂದ ಹೊರಗಿಡುವ ಏರ್ಪಾಡು ಮಾಡಿ, ತೋಟಕ್ಕೆ ಹೊಡೆಯುವ ಕ್ರಿಮಿನಾಶಕಗಳನ್ನು ಬೀಗದಲ್ಲಿಡಿ ಎಂದು ಮರ್ಯಾದೆಯಿಂದ ಹೇಳುವುದನ್ನು ಕಲಿಸಬೇಕು. ಮನೆಯೊಳಗೇ ಬಚ್ಚಿಟ್ಟರೆ ಸಾಲದು, ಅದೇ ಮನೆಯವರಾದ ರೋಗಿಗೂ ಆ ಜಾಗ ಗೊತ್ತಿರುತ್ತದೆ. ಆತ್ಮಹತ್ಯೆಗೆ ಯತ್ನಿಸಿ ಉಳಿದು ಬಂದವರನ್ನು ವಾರ್ಡಿನಲ್ಲಿ ಬೈಯುವುದು, ಪೊಲೀಸ್ ಕೇಸ್ ಎಂದು ಹೆದರಿಸುವುದು ಇನ್ನು ನಿಲ್ಲಬೇಕು. ಬೇರೆ ರೀತಿ ಸಾಬೀತಾಗದ ಹೊರತು ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಈ ಪತ್ರ ಓದುವವರಲ್ಲಿ ಯಾರಿಗಾದರೂ ಇಂಥ ಯೋಚನೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕುಡಿತದ ಬಗ್ಗೆ ಚಿಕ್ಕದಾಗಿ. "ಕುಡಿತೀರಾ?" ಎಂಬ ಪ್ರಶ್ನೆಗೆ ಬರುವ ಉತ್ತರ "ಸ್ವಲ್ಪ". ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ, ಕಡೆಯ ಸಲ ಕುಡಿದದ್ದು ಯಾವ ದಿನ ಎಷ್ಟು ಹೊತ್ತಿಗೆ ಎಂದು ತೀರ್ಪಿನ ದನಿಯಿಲ್ಲದೆ ಕೇಳಬೇಕು. ಕೊನೆಯ ಪ್ರಶ್ನೆಯ ಉತ್ತರ ಜೀವ ಉಳಿಸುತ್ತದೆ. ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಸುಮಾರು ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ ಹಿಡಿಯಬಹುದು. ಕಾಲು ಮುರಿದು ಸರ್ಜರಿ ವಾರ್ಡಿನಲ್ಲಿ ಮಲಗಿದ ತೋಟದ ಕೆಲಸಗಾರ ಮೂರನೇ ರಾತ್ರಿ ಗೋಡೆಯಲ್ಲಿ ಹುಳು ಕಾಣುತ್ತಿದೆ ಎಂದರೆ ಅದು ಹುಚ್ಚಲ್ಲ, ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಆಗ ಆಪ್ತ ಮಾತುಕತೆಗೆ ಹೊತ್ತಲ್ಲ. ದೀಪ ಹಚ್ಚಿಟ್ಟು, ಇದು ಆಸ್ಪತ್ರೆ, ಈಗ ರಾತ್ರಿ, ನಾನು ನರ್ಸ್ ಎಂದು ಮತ್ತೆ ಮತ್ತೆ ಹೇಳುತ್ತಾ ವೈದ್ಯರನ್ನು ಕರೆಯಬೇಕು.

ಇಷ್ಟೆಲ್ಲವನ್ನೂ ತಿದ್ದಲು ಇರುವ ಸಾಧನ ಪ್ರೊಸೆಸ್ ರೆಕಾರ್ಡಿಂಗ್. ರೋಗಿ ಹೇಳಿದ್ದು, ವಿದ್ಯಾರ್ಥಿ ಹೇಳಿದ್ದು, ಮುಖ ಕೈ ಕಣ್ಣಿನ ಭಾವ, ಆಗ ವಿದ್ಯಾರ್ಥಿಯ ಮನಸ್ಸಿನಲ್ಲಿ ಬಂದದ್ದು, ಬಳಸಿದ ತಂತ್ರ, ಇನ್ನೂ ಚೆನ್ನಾಗಿ ಹೇಗೆ ಹೇಳಬಹುದಿತ್ತು ಎಂದು ಪಕ್ಕಪಕ್ಕದ ಕಾಲಂಗಳಲ್ಲಿ ಬರೆಯಬೇಕು. ಈಗ ಇದನ್ನು ಬಹುಪಾಲು ಹಾಸ್ಟೆಲಿನಲ್ಲಿ ರಾತ್ರಿ ಕೂತು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅಜ್ಜಿ ಆಡಿದ ಮಾತು ವಿದ್ಯಾರ್ಥಿಗೆ ಗೊತ್ತಿರುವ ನಾಲ್ಕು ಇಂಗ್ಲಿಷ್ ವಾಕ್ಯಗಳಿಗೆ ಇಳಿದಿರುತ್ತದೆ. ಎಲ್ಲ ರೋಗಿಗಳೂ ಒಂದೇ ಬಗೆಯಲ್ಲಿ ಮಾತಾಡಿದಂತೆ, ಎಲ್ಲ ವಿದ್ಯಾರ್ಥಿಗಳೂ ತಪ್ಪೇ ಮಾಡದಂತೆ ಕಾಣುತ್ತದೆ. ಹಿಂದಿನ ಬ್ಯಾಚಿನ ಫೈಲ್ ನೋಡಿ ನಕಲು ಮಾಡಿದ್ದೂ ಇದರಲ್ಲಿ ಪತ್ತೆಯಾಗುವುದಿಲ್ಲ. ಆಡಿದ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲೋ ಮಲಯಾಳಂ ಲಿಪಿಯಲ್ಲೋ, ಮಾತುಕತೆ ಮುಗಿದ ಅರ್ಧ ಗಂಟೆಯೊಳಗೆ ಮೊದಲ ಪ್ರತಿ ಆಗಬೇಕು. ಪರೀಕ್ಷೆಗೆ ಇಂಗ್ಲಿಷ್ ಪ್ರತಿ ಬೇಕಿದ್ದರೆ ಅದು ನಂತರದ ಕೆಲಸ, ಅಂಕ ಮೊದಲ ಪ್ರತಿಗೇ ಇರಲಿ. ರೋಗಿಯ ಎದುರು ಬರೆಯಬಾರದು, ಫೋನಿನಲ್ಲಿ ರೆಕಾರ್ಡ್ ಮಾಡಬಾರದು. ಹೆಸರಿನ ಮೊದಲಕ್ಷರದ ಜೊತೆ ಊರು ಬರೆದರೂ ಇಲ್ಲಿ ಗುರುತು ಸಿಗುತ್ತದೆ, ಊರು ಬೇಡ. ಬೋಧಕರು ಅದೇ ದಿನ ಓದಬೇಕು. ವಾರದ ಕೊನೆಗೆ ಒಟ್ಟಿಗೆ ಸಹಿ ಹಾಕಿದರೆ ತಿದ್ದಿದ ತಪ್ಪು ಮರುದಿನದ ಮಾತಿಗೆ ತಲುಪುವುದಿಲ್ಲ.

ವಾರ್ಡಿಗೆ ಹೋಗುವ ಮುಂಚಿನ ಅಭ್ಯಾಸಕ್ಕೆ ದೊಡ್ಡ ಖರ್ಚಿಲ್ಲ. ಮೂವರ ಗುಂಪು: ಒಬ್ಬರು ನರ್ಸ್, ಒಬ್ಬರು ರೋಗಿಯ ಪಾತ್ರ, ಒಬ್ಬರು ನೋಡುವವರು. ಹತ್ತು ನಿಮಿಷ ಮಾತು, ಐದು ನಿಮಿಷ ನೋಡಿದವರ ವರದಿ, ಮತ್ತೆ ಅದೇ ಮಾತನ್ನು ಹತ್ತು ನಿಮಿಷ ತಿದ್ದಿಕೊಂಡು ಆಡುವುದು. ಎರಡನೇ ಸಲ ಬಿಟ್ಟರೆ ಅಭ್ಯಾಸವೇ ಅಲ್ಲ. ನೋಡುವವರು "ಚೆನ್ನಾಗಿತ್ತು" ಎನ್ನಬಾರದು. ಯಾವ ವಾಕ್ಯದ ನಂತರ ರೋಗಿ ಮುಖ ತಿರುಗಿಸಿದರು, ಎಷ್ಟು ಸಲ "ಯಾಕೆ" ಬಂತು, ಎಲ್ಲಿ ಮೌನಕ್ಕೆ ಜಾಗ ಕೊಡಲಿಲ್ಲ ಎಂದು ಬರೆದು ತೋರಿಸಬೇಕು. ಮುಗಿದ ಮೇಲೆ ಪಾತ್ರ ಮಾಡಿದವರನ್ನು ಅವರ ಸ್ವಂತ ಹೆಸರಿನಿಂದ ಕರೆದು, ಎರಡು ನಿಮಿಷ ಬೇರೆ ವಿಷಯ ಮಾತಾಡಿಸಿ ಪಾತ್ರದಿಂದ ಹೊರಗೆ ತರಬೇಕು.

ಸಹಪಾಠಿಯೇ ರೋಗಿಯಾದರೆ ಆಟವಾಗಿಬಿಡುತ್ತದೆ, ನಗು ತಡೆಯುವುದಿಲ್ಲ. ಆದ್ದರಿಂದಲೇ ಓದುಗರಲ್ಲಿ ಕೇಳುವುದು. ಕೊಡವ ತಕ್ಕ್, ಅರೆಭಾಷೆ, ಯರವ, ತುಳು, ಮಲಯಾಳಂ ಆಡುವ ನಿವೃತ್ತ ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ನಾಟಕ ಆಡಿ ಗೊತ್ತಿರುವವರು ವರ್ಷಕ್ಕೆ ಎರಡು ಮೂರು ಅರ್ಧದಿನ ಹತ್ತಿರದ ನರ್ಸಿಂಗ್ ಕಾಲೇಜಿಗೆ ಬಂದು ರೋಗಿಯ ಪಾತ್ರ ಮಾಡಬಹುದು. ಪಾತ್ರದ ವಿವರ ಎರಡು ಪುಟದಲ್ಲಿ ಬೋಧಕರು ಬರೆದುಕೊಡುತ್ತಾರೆ. ನಿಜವಾದ ಯಾರದೇ ಕತೆ ಅದರಲ್ಲಿ ಇರುವುದಿಲ್ಲ. ನೀವೋ ನಿಮ್ಮ ಮನೆಯವರೋ ಈ ಕಾಯಿಲೆಯಲ್ಲಿ ನೊಂದಿದ್ದರೆ ಪಾತ್ರ ಮಾಡಬೇಕೆಂದಿಲ್ಲ, ಆಸ್ಪತ್ರೆಯಲ್ಲಿ ಯಾವ ಮಾತು ಹಿತವಾಗಿತ್ತು, ಯಾವುದು ಚುಚ್ಚಿತು ಎಂದು ಹೇಳಿದರೂ ದೊಡ್ಡ ಉಪಕಾರ. ಕಾಲೇಜುಗಳಿಗೆ ಒಂದು ಮಾತು: ಇದನ್ನು ಡಿಸೆಂಬರಿನಿಂದ ಫೆಬ್ರವರಿವರೆಗಿನ ಕಾಫಿ ಕುಯ್ಲಿನಲ್ಲಿ ಇಟ್ಟರೆ ಯಾರೂ ಬರುವುದಿಲ್ಲ, ಜೋರು ಮಳೆಯಲ್ಲಿ ರಸ್ತೆಯ ಭರವಸೆ ಇಲ್ಲ. ಹುತ್ತರಿ ಸುಗ್ಗಿ ಹಬ್ಬಕ್ಕೆ ಮುಂಚಿನ ಅಕ್ಟೋಬರ್, ನವೆಂಬರ್ ಸರಿಯಾದ ಹೊತ್ತು. ಬಂದವರಿಗೆ ಬಸ್ ಖರ್ಚು, ಮಧ್ಯಾಹ್ನದ ಊಟ, ಒಂದಿಷ್ಟು ಗೌರವಧನ ಕಾಲೇಜೇ ಕೊಡಬೇಕು. ಲೈನ್ ಮನೆಯಿಂದ, ಹಾಡಿಯಿಂದ ಬರುವವರಿಗೆ ಆ ದಿನದ ಕೂಲಿಯಷ್ಟಾದರೂ ಕೈಗೆ ಸಿಗಲೇಬೇಕು.

ಇತಿ,
ಮಾನಸಿಕ ಆರೋಗ್ಯ ಶುಶ್ರೂಷಾ ವಿಷಯದ ಬೋಧಕಿ,
ಮಡಿಕೇರಿ